1977ರಲ್ಲಿ ಕರ್ನಾಟಕಕ್ಕೆ ಸಿಟ್ಟು ಬಂದಿರಲಿಲ್ಲವಾ?

ಓದುಗರ ಪ್ರಶ್ನೆ: ತುರ್ತು ಪರಿಸ್ಥಿತಿಯ ಸಿಟ್ಟಿಗೆ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿತು. ಕರ್ನಾಟಕದ 28 ಲೋಕಸಭಾ ಸೀಟುಗಳಲ್ಲಿ ಮಾತ್ರ 26 ಅದಕ್ಕೇ ಬಂದವು. ಇಲ್ಲಿನ ಜನಕ್ಕೆ ಸರ್ಕಾರದ ಮೇಲೆ ಅಪನಂಬಿಕೆ ಇರಲಿಲ್ಲವಾ?

ಇತ್ತು. ಬೆಂಗಳೂರಿನಲ್ಲಿ ಅದು ಎದ್ದು ಕಾಣುತ್ತಿತ್ತು. ಈಗಿನ ಫ್ರೀಡಂ ಪಾರ್ಕ್ ಆಗ ಸೆಂಟ್ರಲ್ ಜೈಲು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ 1975ರ ಜೂನ್ 26ರಂದು ಇಲ್ಲೇ ಬಂಧನಕ್ಕೊಳಗಾದರು. ನಟಿ ಸ್ನೇಹಲತಾ ರೆಡ್ಡಿ 1976ರಲ್ಲಿ ಇದೇ ಜೈಲು ಸೇರಿದರು. ಅವರಿಗೆ ತೀವ್ರ ಆಸ್ತಮಾ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಮೇಲೆ ಯಾವ ತಪ್ಪೂ ಸಾಬೀತಾಗಿರಲಿಲ್ಲ.

ಮಾರ್ಚ್‌ನಲ್ಲಿ ಚುನಾವಣೆ. ಬೆಂಗಳೂರು ದಕ್ಷಿಣದಲ್ಲಿ ಜನತಾ ಪಕ್ಷದ ಕೆ.ಎಸ್. ಹೆಗ್ಡೆ ಗೆದ್ದರು. 1973ರಲ್ಲಿ ಇಂದಿರಾ ಸರ್ಕಾರ ಸುಪ್ರೀಂ ಕೋರ್ಟ್‌ನಲ್ಲಿ ಹಿರಿತನ ಮೀರಿ ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಿದಾಗ ರಾಜೀನಾಮೆ ಕೊಟ್ಟವರಲ್ಲಿ ಇವರೂ ಒಬ್ಬರು. ಇಂಥವರನ್ನೇ ಆರಿಸಿದ್ದು ಸುಮ್ನೆ ಅಲ್ಲ.

ಹಳ್ಳಿಯ ಲೆಕ್ಕ ಬೇರೆ ಇತ್ತು. ಮುಖ್ಯಮಂತ್ರಿ ದೇವರಾಜ ಅರಸರ ಸರ್ಕಾರ 1974ರಿಂದ ಹೊಸ ಭೂ ಸುಧಾರಣೆ ಕಾನೂನು ಜಾರಿಗೆ ತಂದಿತ್ತು. ತಾವು ಉಳುವ ಭೂಮಿಯ ಒಡೆತನ ಪಡೆಯಲು ಗೇಣಿದಾರರು ಫಾರಂ 7 ತುಂಬಿ ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. ಅಲ್ಲಿ ವಕೀಲರು ವಾದ ಮಾಡುವಂತಿರಲಿಲ್ಲ. ಇದು ಬಹಳ ದೊಡ್ಡ ವಿಷಯ. ಜಮೀನ್ದಾರ ದುಡ್ಡು ಸುರಿದು ದೊಡ್ಡ ವಕೀಲರನ್ನು ಕರೆತರುವ ದಾರಿ ಅಲ್ಲಿ ಮುಚ್ಚಿತ್ತು. ತಲೆಮಾರುಗಳಿಂದ ಗೇಣಿ ಅಳೆದು ಕೊಟ್ಟವನು ಧಣಿಯ ಎದುರೇ ನಿಂತು 'ಉಳುವವನು ನಾನು' ಎನ್ನಬಹುದಿತ್ತು. ಅಂಥ ಮನೆಯವರಿಗೆ ಸರ್ಕಾರ ಅಂದರೆ ಆ ನ್ಯಾಯಮಂಡಳಿಯೇ, ಅಲ್ವಾ? ಪತ್ರಿಕೆಗಳಿಗೆ ಸೆನ್ಸಾರ್ ಇದ್ದಿದ್ದರಿಂದ ಜೈಲಿನ ಸುದ್ದಿ ಅವರನ್ನು ಮುಟ್ಟುವುದೂ ಕಷ್ಟವಿತ್ತು. ಉತ್ತರದಲ್ಲಿ ಜನರನ್ನು ಕೆರಳಿಸಿದ ಬಲವಂತದ ಸಂತಾನಹರಣ ಚಿಕಿತ್ಸೆಯ ಹಾವಳಿಯೂ ಇಲ್ಲಿ ಅಷ್ಟಿರಲಿಲ್ಲ.

ಇದರಿಂದ ತುರ್ತು ಪರಿಸ್ಥಿತಿಯನ್ನು ಕರ್ನಾಟಕ ಒಪ್ಪಿತ್ತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೇಣಿದಾರನಿಗೆ ಭೂಮಿ ಸಿಕ್ಕಿತು ಅಂತ ಸ್ನೇಹಲತಾ ಅವರ ಸಾವಿನ ಲೆಕ್ಕ ಚುಕ್ತಾ ಆಗುವುದಿಲ್ಲ. ಜನ ಓಟು ಹಾಕಿದ್ದು ಭೂಮಿಗೆ, ಜೈಲಿಗಲ್ಲ.

ಆ ನಂಬಿಕೆಯೂ ಜಾಸ್ತಿ ಕಾಲ ಉಳಿಯಲಿಲ್ಲ. 1979ರಲ್ಲಿ ಅರಸರು ಇಂದಿರಾ ಕಾಂಗ್ರೆಸ್‌ನಿಂದ ಹೊರಬಿದ್ದರು. 1980ರ ಜುಲೈನಲ್ಲಿ, ಗುಂಡೂರಾವ್ ಮುಖ್ಯಮಂತ್ರಿ ಆಗಿದ್ದಾಗ, ಮಲಪ್ರಭಾ ನೀರಾವರಿಯ ಕರ ವಿರೋಧಿಸಿದ ನರಗುಂದ, ನವಲಗುಂದದ ರೈತರ ಮೇಲೆ ಗೋಲಿಬಾರ್ ಆಯಿತು. ಅದೇ ವರ್ಷದ ಕೊನೆಗೆ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಐಟಿಐ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಹಳ್ಳಿ, ನಗರ ಎರಡೂ ಮುನಿದಿದ್ದವು. 1983ರ ಜನವರಿಯ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಸಲ ಅಧಿಕಾರ ಕಳೆದುಕೊಂಡಿತು.