ಮಳೆಗಾಲದಲ್ಲಿ ಗಿಡದ ಲೈಟು ರಾತ್ರಿ ಉರಿಯಲಿ

ಮನೆಯೊಳಗೆ ಹೈಡ್ರೋಪೋನಿಕ್ಸ್‌ನಲ್ಲಿ, ಅಂದರೆ ಮಣ್ಣಿಲ್ಲದೆ ಗೊಬ್ಬರ ಕಲಸಿದ ಟ್ಯಾಂಕಿನ ನೀರಿನಲ್ಲಿ, ಬೆಳೆಸುವ ಲೆಟ್ಯೂಸ್ ಗಿಡದ ನಡುವಿನ ಎಳೆ ಎಲೆಗಳ ಅಂಚು ಕಂದಾಗಿ ಸುಟ್ಟಂತೆ ಕಂಡರೆ ಹೆಚ್ಚಿನವರು ಮೊದಲು ಕೈ ಹಾಕುವುದು ಕ್ಯಾಲ್ಸಿಯಂ ನೈಟ್ರೇಟ್ ಡಬ್ಬಿಗೆ. ಜೂನ್ ಮುಗಿಯುವ ಹೊತ್ತಿಗೆ ಕಾರವಾರ, ಅಂಕೋಲಾ ಕಡೆಯಿಂದ ಇಂಥ ಫೋಟೋಗಳು ನನ್ನ ವಾಟ್ಸಾಪಿಗೆ ಬರಲು ಶುರುವಾಗುತ್ತವೆ. ಕ್ಯಾಲ್ಸಿಯಂ ಕೊರತೆ ಅನ್ನುವುದೇನೋ ನಿಜ. ಆದರೆ ಕೊರತೆ ಇರುವುದು ಎಲೆಯಲ್ಲಿ, ಟ್ಯಾಂಕಿನಲ್ಲಿ ಅಲ್ಲ. ಇನ್ನಷ್ಟು ಗೊಬ್ಬರ ಸುರಿದರೆ ನೀರಿನ ಇಸಿ (ಕರಗಿದ ಉಪ್ಪಿನ ಅಳತೆ) ಏರುತ್ತದೆ, ಬೇರಿಗೆ ನೀರು ಎಳೆಯುವುದು ಮತ್ತೂ ಕಷ್ಟವಾಗುತ್ತದೆ.

ಕ್ಯಾಲ್ಸಿಯಂ ಮೇಲಕ್ಕೆ ಹೋಗುವುದು ಬೇರು ಎಳೆದ ನೀರಿನ ಜೊತೆಗೆ. ನೀರು ಎಲ್ಲಿ ಆವಿಯಾಗುತ್ತದೋ ಅಲ್ಲೇ ಉಳಿದುಬಿಡುತ್ತದೆ. ಒಂದು ಎಲೆಗೆ ಸೇರಿದ ಮೇಲೆ ಇನ್ನೊಂದು ಎಲೆಗೆ ಹೋಗುವುದೂ ಇಲ್ಲ ಅನ್ನಬಹುದು. ಸುತ್ತಲಿನ ಗಾಳಿ ತೇವದಿಂದ ತುಂಬಿಹೋಗಿದ್ದರೆ ಎಲೆಯ ನೀರು ಆವಿಯಾಗುವುದು ಹೇಗೆ? ಹೊರಗಿನ ದೊಡ್ಡ ಎಲೆಗಳು ಹೇಗೋ ಅಷ್ಟಿಷ್ಟು ನೀರು ಬಿಡುತ್ತವೆ. ನಡುವೆ ಮುದುಡಿಕೊಂಡ ಎಲೆಗಳಿಗೆ ಗಾಳಿಯೇ ಸೋಕುವುದಿಲ್ಲ. ಸೆಕೆಗೆ ಗಿಡ ಬೇಗ ಬೇಗ ಬೆಳೆಯುತ್ತಿದ್ದರಂತೂ ತೊಂದರೆ ಇನ್ನೂ ಜಾಸ್ತಿ. ಆದ್ದರಿಂದ ಇದು ಗೊಬ್ಬರದ ರೋಗವಲ್ಲ, ಗಾಳಿಯ ರೋಗ.

ಒಳಾಂಗಣ ಹೈಡ್ರೋಪೋನಿಕ್ಸ್ ಬಗ್ಗೆ ಸಿಗುವ ಮಾಹಿತಿಯಲ್ಲಿ ಲೆಟ್ಯೂಸಿಗೆ 18ರಿಂದ 24 ಡಿಗ್ರಿ ಸೆಲ್ಸಿಯಸ್, ಶೇ 50ರಿಂದ 70 ತೇವಾಂಶ ಅಂತ ಬರೆದಿರುತ್ತಾರೆ. ತಪ್ಪಲ್ಲ. ಆದರೆ ತೇವಾಂಶದ ಶೇಕಡಾ ಲೆಕ್ಕವನ್ನು ಒಂದೇ ನೋಡಿದರೆ ಪ್ರಯೋಜನವಿಲ್ಲ. ಬಿಸಿ ಗಾಳಿ ಹೆಚ್ಚು ನೀರು ಹಿಡಿಯುತ್ತದೆ, ತಣ್ಣನೆಯ ಗಾಳಿ ಕಡಿಮೆ. ಹಾಗಾಗಿ 20 ಡಿಗ್ರಿಯಲ್ಲಿ ಶೇ 70 ಮತ್ತು 30 ಡಿಗ್ರಿಯಲ್ಲಿ ಶೇ 70, ಎರಡೂ ಗಿಡಕ್ಕೆ ಒಂದೇ ಅಲ್ಲ. ಗಾಳಿ ಇನ್ನೂ ಎಷ್ಟು ಆವಿ ಹಿಡಿಯಬಲ್ಲದು ಅನ್ನುವುದು ಮುಖ್ಯ. ಇದನ್ನು ನಮ್ಮ ಕೆಲಸದಲ್ಲಿ ವಿಪಿಡಿ ಅನ್ನುತ್ತೇವೆ, ಕಿಲೋಪಾಸ್ಕಲ್‌ನಲ್ಲಿ ಅಳೆಯುತ್ತೇವೆ. ಸಸಿಗಳಿಗೆ 0.4ರಿಂದ 0.8, ಬೆಳೆಯುತ್ತಿರುವ ಸೊಪ್ಪಿಗೆ 0.8ರಿಂದ 1.2 ಇದ್ದರೆ ಒಳ್ಳೆಯದು. 25 ಡಿಗ್ರಿ, ಶೇ 70 ಇದ್ದಾಗ ವಿಪಿಡಿ ಸುಮಾರು 0.95. ಬಹಳ ಚೆನ್ನಾಗಿದೆ. ಕಾರವಾರದ ಜುಲೈ ತಿಂಗಳಿನಂತೆ 27 ಡಿಗ್ರಿ, ಶೇ 90 ಇದ್ದರೆ ಬರೀ 0.36. ಗಿಡ ನೀರು ಕುಡಿಯುವುದು ಬಹಳ ಕಡಿಮೆಯಾಗುತ್ತದೆ.

ಇದಕ್ಕೆ ಎಲ್ಲರೂ ಮೊದಲು ಕೇಳುವುದು ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರ ತರಲಾ ಅಂತ. ಸ್ವಲ್ಪ ತಡೆಯಿರಿ. ಮೊದಲು ಖರ್ಚಿಲ್ಲದ ಕೆಲಸ ಮಾಡಿ, ಲೈಟಿನ ಟೈಮರ್ ಬದಲಿಸಿ.

ಲೆಕ್ಕ ನೋಡಿ. ಮಳೆಗಾಲದ ರಾತ್ರಿ ಹೊರಗೆ 24 ಡಿಗ್ರಿ, ಶೇ 95 ಇದೆ ಅಂದುಕೊಳ್ಳೋಣ. ಆ ಗಾಳಿಯನ್ನು ಒಳಗೆ ತಂದು ಎಲ್‌ಇಡಿ ಲೈಟಿನ ಶಾಖದಿಂದ 28 ಡಿಗ್ರಿಗೆ ಏರಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆ ತೇವಾಂಶ ಶೇ 75ಕ್ಕೆ ಇಳಿಯುತ್ತದೆ. ವಿಪಿಡಿ 0.95ರ ಹತ್ತಿರ ಬರುತ್ತದೆ. 28 ಡಿಗ್ರಿ ಲೆಟ್ಯೂಸಿಗೆ ಸ್ವಲ್ಪ ಹೆಚ್ಚೇ, ಆದರೂ ಹಗಲಿಗಿಂತ ವಾಸಿ. ಲೈಟು ಎಳೆದ ಕರೆಂಟೆಲ್ಲ ಕೊನೆಗೆ ಕೋಣೆಯಲ್ಲಿ ಶಾಖವಾಗಿಯೇ ಉಳಿಯುತ್ತದೆ. ಅದೇ ಲೈಟನ್ನು ಹಗಲು ಹಚ್ಚಿದರೆ? ಹೊರಗೆ ಆಗಲೇ 28 ಡಿಗ್ರಿ ಇರುತ್ತದೆ, ಒಳಗೆ 32 ಆಗುತ್ತದೆ. ತೇವಾಂಶ ಇಳಿದರೂ ಲೆಟ್ಯೂಸ್ ಕಹಿಯಾಗಿ, ಉದ್ದಕ್ಕೆ ದಂಟು ಬಿಟ್ಟು, ಹೂವಿಗೆ ಹೋಗುತ್ತದೆ. ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ 14 ಗಂಟೆ ಬೆಳಕು ಸೊಪ್ಪಿಗೆ ಸಾಕು. ಹಗಲಿನಲ್ಲಿ ಕಿಟಕಿಗೆ ಪರದೆ ಹಾಕಿ, ಅದೇ ಅದರ ರಾತ್ರಿ.

ಇನ್ನೊಂದು ಲಾಭವಿದೆ. 28 ಡಿಗ್ರಿ, ಶೇ 75 ಇರುವ ಕೋಣೆ 23ಕ್ಕೆ ತಣ್ಣಗಾದರೆ ತೇವಾಂಶ ಶೇ 100 ಮುಟ್ಟುತ್ತದೆ. ಎಲೆ, ಪೈಪು, ಗೋಡೆ ಎಲ್ಲದರ ಮೇಲೆ ನೀರು ಕಟ್ಟುತ್ತದೆ. ಬೂದು ಬೂಷ್ಟು ಬರುವುದಕ್ಕೆ ಇಷ್ಟು ಸಾಕು. ಲೈಟು ರಾತ್ರಿ ಆರಿಸುವವರ ಕೋಣೆಯಲ್ಲಿ ಇದು ದಿನಾ ಆಗುತ್ತಿರುತ್ತದೆ, ಬೆಳಿಗ್ಗೆ ಅವರು ಏಳುವ ಹೊತ್ತಿಗೆ ಅರ್ಧ ಒಣಗಿರುತ್ತದೆ, ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ 8ಕ್ಕೆ ಆರಿಸಿದರೆ ಹೊರಗೆ ಬಿಸಿ ಏರುತ್ತಿರುವುದರಿಂದ ಕೋಣೆ ಅಷ್ಟು ತಣ್ಣಗಾಗುವುದಿಲ್ಲ. ಕತ್ತಲೆಯ ಹೊತ್ತಿನಲ್ಲಿ ತೇವ ಸ್ವಲ್ಪ ಹೆಚ್ಚಿದ್ದರೆ ಕೆಡುಕಿಲ್ಲ, ಬೇರಿನ ಒತ್ತಡದಿಂದ ನಡುವಿನ ಎಲೆಗೂ ನೀರು ಏರುತ್ತದೆ. ಎಲೆಯ ಮೇಲೆ ನೀರು ಕಟ್ಟಬಾರದು ಅಷ್ಟೇ.

ಹೊರಗೆ ಧೋ ಅಂತ ಮಳೆ ಸುರಿಯುವಾಗ ಕಿಟಕಿ, ಬಾಗಿಲು, ಎಕ್ಸಾಸ್ಟ್ ಎಲ್ಲ ಮುಚ್ಚಿಬಿಡುವವರಿದ್ದಾರೆ. ಹೊರಗಿನ ತೇವ ಒಳಗೆ ಬರದಿರಲಿ ಅಂತ. ಆದರೆ ಕೋಣೆಯನ್ನು ಒದ್ದೆ ಮಾಡುತ್ತಿರುವುದು ಗಿಡಗಳೇ! ಟ್ಯಾಂಕಿನಿಂದ ದಿನಕ್ಕೆ 10 ಲೀಟರ್ ನೀರು ಕಡಿಮೆಯಾದರೆ ಹೆಚ್ಚುಕಡಿಮೆ ಅಷ್ಟೂ ಕೋಣೆಯ ಗಾಳಿಗೆ ಸೇರಿರುತ್ತದೆ. ಒಳಗಿನ ಗಾಳಿ ಬೆಚ್ಚಗಿರುವಾಗ ಹೊರಗಿನ ಒದ್ದೆ ಗಾಳಿಯೂ ಒಳಗೆ ಬಂದು ಬಿಸಿಯಾಗಿ ಒಣಗುತ್ತದೆ. ಎಕ್ಸಾಸ್ಟ್ ಓಡಲಿ. ಜೊತೆಗೆ ಗಿಡಗಳ ಮೇಲಿನಿಂದ ಒಂದು ಸಣ್ಣ ಫ್ಯಾನ್ ಇರಲಿ, ಎಲೆ ಮೆಲ್ಲಗೆ ಅಲುಗುವಷ್ಟು. ಅಂಚು ಸುಡುವುದಕ್ಕೆ ಇಷ್ಟು ಒಳ್ಳೆಯ ಮದ್ದು ನನಗೆ ಬೇರೆ ಗೊತ್ತಿಲ್ಲ. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣದ ಫ್ಯಾನ್ ಬೇಗ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ರೆಕ್ಕೆ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಇರುವುದನ್ನೇ ತನ್ನಿ.

ಇಷ್ಟು ಮಾಡಿದರೂ ಶೇ 80ರ ಕೆಳಗೆ ಬರುತ್ತಿಲ್ಲ ಅಂದರೆ ಆಗ ಯಂತ್ರದ ಮಾತು. ಡಿಹ್ಯುಮಿಡಿಫೈಯರ್ ನೀರು ತೆಗೆಯುತ್ತದೆ, ಆದರೆ ಕೋಣೆಗೆ ಶಾಖ ಬಿಡುತ್ತದೆ. ಮಳೆಗಾಲದ ತಂಪಿನಲ್ಲಿ ಅದು ಒಳ್ಳೆಯದೇ, ಏಪ್ರಿಲ್‌ನಲ್ಲಿ ಅಲ್ಲ. ಏಸಿ ಶಾಖ, ತೇವ ಎರಡನ್ನೂ ತೆಗೆಯುತ್ತದೆ. ಆದರೆ ಕೋಣೆ ನೀವು ಇಟ್ಟ ಡಿಗ್ರಿಗೆ ಬಂದ ಕೂಡಲೇ ಅದರ ಕಂಪ್ರೆಸರ್ ನಿಧಾನವಾಗುತ್ತದೆ, ತೇವ ತೆಗೆಯುವುದೂ ಕಡಿಮೆಯಾಗುತ್ತದೆ. ಆದ್ದರಿಂದ ಲೈಟು ಉರಿಯುವ ಹೊತ್ತಿನಲ್ಲೇ ಏಸಿ ಹಾಕಿ, ಲೈಟಿನ ಶಾಖಕ್ಕೆ ಕಂಪ್ರೆಸರ್ ಓಡುತ್ತಲೇ ಇರುತ್ತದೆ.

ಘಟ್ಟದ ಮೇಲಿನವರಿಗೆ ಈ ಮಾತೆಲ್ಲ ವರ್ಷವಿಡೀ ಹೊಂದುವುದಿಲ್ಲ. ಶಿರಸಿಯ ಮಳೆಗಾಲಕ್ಕೆ ಸರಿ. ಮಾರ್ಚ್ ಮಧ್ಯಾಹ್ನ ಬೇರೆಯೇ ಲೋಕ. 34 ಡಿಗ್ರಿ, ಶೇ 30 ತೇವ ಇದ್ದ ಒಣ ದಿನ ಒದ್ದೆ ಪ್ಯಾಡಿನ ಕೂಲರ್ ಲೆಕ್ಕದ ಪ್ರಕಾರ ಗಾಳಿಯನ್ನು 21 ಡಿಗ್ರಿಯ ಆಸುಪಾಸಿಗೆ ಇಳಿಸಬಲ್ಲದು, ನಿಜದಲ್ಲಿ 23, 24 ಸಿಕ್ಕರೂ ಗೆದ್ದಂತೆ. ಅದೇ ಕೂಲರನ್ನು ಕಾರವಾರದಲ್ಲಿ 32 ಡಿಗ್ರಿ, ಶೇ 75 ಇರುವಾಗ ಹಾಕಿದರೆ 28ಕ್ಕಿಂತ ಕೆಳಗೆ ಇಳಿಯಲು ಸಾಧ್ಯವೇ ಇಲ್ಲ, ಮೇಲಿಂದ ಕೋಣೆ ತೊಯ್ದು ತೊಪ್ಪೆಯಾಗುತ್ತದೆ. ಕರಾವಳಿಯಲ್ಲಿ ಕೂಲರಿಗೆ ದುಡ್ಡು ಹಾಕಬೇಡಿ. ಶಿರಸಿಯ ಒಣ ದಿನಗಳಲ್ಲಿ ಗಿಡ ನೀರನ್ನೇ ಜಾಸ್ತಿ ಕುಡಿದು ಉಪ್ಪು ಉಳಿಸುತ್ತದೆ, ಇಸಿ ತಾನಾಗಿ ಏರುತ್ತದೆ. ಆಗ ಟ್ಯಾಂಕಿಗೆ ಬರೀ ನೀರು ತುಂಬಿ, ಗೊಬ್ಬರದ ನೀರಲ್ಲ. ಎಲೆಯ ಅಡಿಗೆ ಕೆಂಪು ನುಸಿಯನ್ನೂ ಹುಡುಕಿ. ಅದಕ್ಕೆ ಒಣ ಬಿಸಿಯೇ ಇಷ್ಟ.

ಗಾಳಿಯಷ್ಟೇ ಮುಖ್ಯ ಬೇರಿನ ನೀರು. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಬೇರಿಗೋ ಬಿಸಿಯಲ್ಲಿ ಇನ್ನೂ ಹೆಚ್ಚು ಬೇಕು. ಆಗಲೇ ಬೇರು ಕೊಳೆಸುವ ಪಿಥಿಯಂ ಎಂಬ ರೋಗಾಣು ನುಗ್ಗುವುದು. ಬೇರು ಕಂದಾಗಿ, ಲೋಳೆಯಾಗಿ, ಮೇಲಿನ ಸಿಪ್ಪೆ ಎಳೆದರೆ ಕಳಚಿ ಬರುತ್ತದೆ. ಅಡಿಕೆ ತೋಟದವರಿಗೆ ಇದರ ದಾಯಾದಿ ಚೆನ್ನಾಗಿ ಗೊತ್ತು. ಕೊಳೆ ರೋಗ ತರುವ ಫೈಟಾಫ್ತೊರಾ ಕೂಡ ಇದೇ ಬಳಗದ್ದು, ಎರಡರ ಬೀಜಕಣಗಳೂ ನೀರಿನಲ್ಲಿ ಈಜುತ್ತವೆ. ಹಾಗಂತ ಮರಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಟ್ಯಾಂಕಿಗೆ ಹಾಕಬೇಡಿ, ಅಷ್ಟು ತಾಮ್ರ ಬೇರಿಗೆ ವಿಷ. ಟ್ಯಾಂಕನ್ನು ಲೈಟಿನಿಂದ ದೂರ, ನೆಲದ ಮೇಲೆ ಇಡಿ. ಸುತ್ತ ಥರ್ಮಾಕೋಲ್ ಹಚ್ಚಿ, ಬೆಳಕು ಬೀಳದಂತೆ ಮುಚ್ಚಿ. ಸಾಧ್ಯವಾದಷ್ಟು ದೊಡ್ಡ ಟ್ಯಾಂಕ್ ಇರಲಿ, ನೀರು ಬೇಗ ಬಿಸಿಯಾಗುವುದಿಲ್ಲ. ಏರ್ ಸ್ಟೋನ್ ಹಗಲು ರಾತ್ರಿ ಗುಳ್ಳೆ ಬಿಡುತ್ತಿರಲಿ. ನೀರು 24 ಡಿಗ್ರಿ ದಾಟದಂತೆ ನೋಡಿಕೊಳ್ಳಿ.

ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯಲ್ಲಿ ಏಸಿ ಇಲ್ಲದೆ ಲೆಟ್ಯೂಸ್ ಬೆಳೆಯುತ್ತೇನೆ ಅನ್ನುವವರಿಗೆ ನಾನು ನೇರವಾಗಿಯೇ ಬೇಡ ಅನ್ನುತ್ತೇನೆ. ಬಸಳೆ ಹಾಕಿ, ಕೆಂಪು ಹರಿವೆ ಹಾಕಿ. ಇವಕ್ಕೆ 30 ಡಿಗ್ರಿ ಅಂದರೆ ಹಬ್ಬ, ಮಾರಾಟಕ್ಕೂ ತೊಂದರೆಯಿಲ್ಲ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ತೇವಾಂಶ ಅಳೆಯುವ ಮೀಟರಿನ ಮೇಲೆ ಅಲ್ವಾ? ಅಗ್ಗದ ಮೀಟರುಗಳು 5 ಅಂಶ ಆಚೀಚೆ ತೋರಿಸುವುದು ಸಾಮಾನ್ಯ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಗಟ್ಟಿ ಚಟ್ನಿಯಷ್ಟು ಒದ್ದೆಯಾಗುವಂತೆ ನೀರು ಸೇರಿಸಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಮರುದಿನ ಶೇ 75 ತೋರಿಸಬೇಕು. ಹೆಚ್ಚು ಕಡಿಮೆ ತೋರಿಸಿದರೆ ಆ ವ್ಯತ್ಯಾಸವನ್ನು ಮೀಟರಿನ ಬೆನ್ನಿಗೆ ಬರೆದು ಅಂಟಿಸಿ. ಪ್ಯಾಕೆಟ್ಟಿನ ಪುಡಿ ಉಪ್ಪನ್ನೇ ಬಳಸಿ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು ಉಪ್ಪಿನಕಾಯಿಗೆ ಚೆಂದ, ಇದಕ್ಕಲ್ಲ. ಶುದ್ಧ ಮಾಡದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಇದ್ದು ತೇವವನ್ನು ತಾನೇ ಹೀರಿಕೊಳ್ಳುತ್ತದೆ, ಲೆಕ್ಕ ತಪ್ಪುತ್ತದೆ. ಮೀಟರನ್ನು ಗೋಡೆಗೆ ನೇತುಹಾಕಬೇಡಿ. ಎಲೆಯ ಎತ್ತರದಲ್ಲಿ, ಲೈಟು ನೇರ ಬೀಳದ ಕಡೆ ಇಡಿ.

ಮಳೆಗಾಲ ಅಂದಮೇಲೆ ಕರೆಂಟ್ ಹೋಗಿಯೇ ಹೋಗುತ್ತದೆ. ಇನ್ವರ್ಟರ್ ಇದ್ದರೆ ಮೊದಲ ವೈರು ಏರ್ ಪಂಪಿಗೆ, ಆಮೇಲೆ ಸಣ್ಣ ಫ್ಯಾನಿಗೆ. ಪೈಪಿನಲ್ಲಿ ತೆಳುವಾಗಿ ನೀರು ಹರಿಸುವ ಎನ್‌ಎಫ್‌ಟಿ ಪದ್ಧತಿಯವರು ನೀರಿನ ಪಂಪನ್ನೇ ಮೊದಲು ಸೇರಿಸಬೇಕು, ಅಲ್ಲಿ ಬೇರು ಬಲು ಬೇಗ ಒಣಗುತ್ತದೆ. ಲೈಟಿಗೆ ಇನ್ವರ್ಟರ್ ಬೇಡ. ಒಂದು ರಾತ್ರಿ ಬೆಳಕು ಇಲ್ಲದಿದ್ದರೆ ಗಿಡಕ್ಕೆ ಏನೂ ಆಗುವುದಿಲ್ಲ.