ತುಕಡಿಯ ಮನಸ್ಸನ್ನು ಅಳೆಯುವ ಗೋಪ್ಯ ಸಮೀಕ್ಷೆ: ಉತ್ತರ ಯಾರ ಕೈಗೆ ಹೋಗುತ್ತದೆ?

1941ರ ಡಿಸೆಂಬರ್ 8. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದ ಮರುದಿನ. ಅಮೆರಿಕದ ಫೋರ್ಟ್ ಬ್ರಾಗ್ ಶಿಬಿರದಲ್ಲಿ 9ನೇ ಪದಾತಿ ಡಿವಿಷನ್‌ನ ಸೈನಿಕರ ಮುಂದೆ ಸೇನೆಯ ಸಂಶೋಧಕರು ಪ್ರಶ್ನಾವಳಿ ಇಟ್ಟರು. ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಅವರ ತಂಡ ಯುದ್ಧ ಮುಗಿಯುವುದರೊಳಗೆ ಹೀಗೆ ಮಾತನಾಡಿಸಿದ ಸೈನಿಕರ ಸಂಖ್ಯೆ 5 ಲಕ್ಷ ದಾಟಿತು. ತುಕಡಿಯ ಸ್ಥೈರ್ಯವನ್ನೂ ಅಧಿಕಾರಿಗಳ ನಡವಳಿಕೆಯನ್ನೂ ಕೆಳಗಿನವರನ್ನೇ ಕೇಳಿ ತಿಳಿಯುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬೇರೂರಿದ್ದು ಅಲ್ಲಿಂದ.

ಇದಕ್ಕೆ ವಿರೋಧ ಬಂದದ್ದು ತೀರಾ ಮೇಲಿನಿಂದಲೇ. ಹೆಸರಿಲ್ಲದ ಅಭಿಪ್ರಾಯ, ಅದು ಹೊಗಳಿಕೆಯಾಗಿರಲಿ ತೆಗಳಿಕೆಯಾಗಿರಲಿ, ಸೇನೆಯ ಒಗ್ಗಟ್ಟನ್ನು ಕೆಡಿಸುತ್ತದೆ ಎಂಬುದು ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಅವರ ನಿಲುವು. ಆ ಆತಂಕವನ್ನು ಸುಮ್ಮನೆ ತಳ್ಳಿಹಾಕಲಾಗದು. ಹೇಳಿದ ಮಾತಿಗೆ ಹೇಳಿದವನೇ ಹೊಣೆ ಎಂಬುದರ ಮೇಲೆ ನಿಂತ ವ್ಯವಸ್ಥೆ ಸೇನೆ. ಆದರೆ ಹೆಸರು ಹೇಳಬೇಕೆಂದರೆ ಸತ್ಯ ಹೊರಬರುವುದಿಲ್ಲ. ಹಾಗಾಗಿ ಸ್ಟೌಫರ್ ತಂಡ ಕ್ರಮದಲ್ಲಿ ಕಟ್ಟುನಿಟ್ಟಾಗಿತ್ತು: ಕೋಣೆಯೊಳಗೆ ಅಧಿಕಾರಿಗಳಿಗೆ ಪ್ರವೇಶವಿಲ್ಲ, ಹಾಳೆಯ ಮೇಲೆ ಹೆಸರಿಲ್ಲ, ಪ್ರಶ್ನಾವಳಿ ಹಂಚುವವರೂ ತರಬೇತಿ ಪಡೆದ ಸಾಮಾನ್ಯ ಸೈನಿಕರೇ. ಓದುಬರಹ ಬಾರದವರ ಉತ್ತರವನ್ನು ಕೇಳಿ ಬರೆದುಕೊಳ್ಳುತ್ತಿದ್ದರು.

ಉತ್ತರಗಳು ಕಡತ ಸೇರಿ ಧೂಳು ತಿನ್ನಲಿಲ್ಲ. ಯುದ್ಧ ಮುಗಿದಾಗ ಯಾರನ್ನು ಮೊದಲು ಮನೆಗೆ ಕಳಿಸಬೇಕು ಎಂದು ಸೈನಿಕರನ್ನೇ ಕೇಳಿ, ಅದರ ಆಧಾರದ ಮೇಲೆ ಅಂಕಪದ್ಧತಿ ರೂಪಿಸಿದರು. ಸೇವೆಯ ಪ್ರತಿ ತಿಂಗಳಿಗೆ 1, ಸಾಗರದಾಚೆ ಕಳೆದ ತಿಂಗಳಿಗೆ ಇನ್ನೊಂದು, ಯುದ್ಧ ಪದಕಕ್ಕೆ 5, ಮೂರು ಮಕ್ಕಳವರೆಗೆ ತಲಾ 12. 1945ರ ಮೇನಲ್ಲಿ 85 ಅಥವಾ ಅದಕ್ಕಿಂತ ಹೆಚ್ಚು ಅಂಕ ಇದ್ದವರು ಬಿಡುಗಡೆಗೆ ಅರ್ಹರಾದರು. ಇನ್ನೊಂದು ಪಾಠ ಅಂಕಿಗಳನ್ನು ಓದುವ ಬಗೆಗೆ. ಬಡ್ತಿ ಬೇಗ ಸಿಗುತ್ತಿದ್ದ ವಾಯುದಳದವರಿಗಿಂತ, ಬಡ್ತಿ ಅಪರೂಪವಾಗಿದ್ದ ಮಿಲಿಟರಿ ಪೊಲೀಸರಿಗೆ ಬಡ್ತಿ ವ್ಯವಸ್ಥೆಯ ಬಗ್ಗೆ ಅಸಮಾಧಾನ ಕಡಿಮೆ ಇತ್ತು. ಮನುಷ್ಯ ತನ್ನ ಪಾಡನ್ನು ಪಕ್ಕದವನ ಪಾಡಿನೊಡನೆ ಹೋಲಿಸಿ ಅಳೆಯುತ್ತಾನೆ. ಎರಡು ತುಕಡಿಗಳ ಸರಾಸರಿಯನ್ನು ಅಕ್ಕಪಕ್ಕ ಇಟ್ಟು ತೀರ್ಪು ಕೊಡುವವರು ಇಂದಿಗೂ ಇದನ್ನು ಮರೆಯುತ್ತಾರೆ.

ಕೇಳುವುದು ಒಂದು, ಕೇಳಿದ್ದನ್ನು ಬಹಿರಂಗಪಡಿಸುವುದು ಇನ್ನೊಂದು. ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರು ಹಳ್ಳಿಗರನ್ನು ಕೊಂದ ಮೈ ಲೈ ಹತ್ಯಾಕಾಂಡದ ತನಿಖೆಯ ನಂತರ, 1970ರಲ್ಲಿ ಸೇನಾ ಮುಖ್ಯಸ್ಥ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಅಧಿಕಾರಿಗಳ ವೃತ್ತಿನಿಷ್ಠೆಯ ಅಧ್ಯಯನವನ್ನು ಆರ್ಮಿ ವಾರ್ ಕಾಲೇಜಿಗೆ ವಹಿಸಿದರು. ಸುಮಾರು 450 ಅಧಿಕಾರಿಗಳು ಬಿಚ್ಚುಮನಸ್ಸಿನಿಂದ ಮಾತನಾಡಿದರು. ಬಾಯಲ್ಲಿ ಆಡುವ ಆದರ್ಶಕ್ಕೂ ನಡೆಗೂ ದೊಡ್ಡ ಅಂತರವಿದೆ, ಬಡ್ತಿಯ ಮೇಲೆ ಕಣ್ಣಿಟ್ಟ ಕಮಾಂಡರ್‌ಗಳು ಕೆಳಗಿನವರನ್ನು ಹಿಂಡುತ್ತಾರೆ ಎಂಬ ಚಿತ್ರ ಹೊರಬಂತು. ವೆಸ್ಟ್‌ಮೋರ್‌ಲ್ಯಾಂಡ್ ವರದಿಯ ಹಂಚಿಕೆಯನ್ನೇ ತಡೆಹಿಡಿದರು. ಅದನ್ನು ಓದಲೇಬೇಕಿದ್ದ ಕಿರಿಯ ಅಧಿಕಾರಿಗಳ ಕೈಗೆ ಅದು ಆಗ ಸಿಗಲಿಲ್ಲ.

ತುಕಡಿ ಮಟ್ಟದ ಸಮೀಕ್ಷೆಗೆ ದಾರಿ ಮಾಡಿದ್ದು ಜನಾಂಗೀಯ ಗಲಭೆಗಳು. 1971ರಲ್ಲಿ ಫ್ಲಾರಿಡಾದ ಪ್ಯಾಟ್ರಿಕ್ ವಾಯುನೆಲೆಯಲ್ಲಿ ಜನಾಂಗೀಯ ಸಂಬಂಧಗಳ ತರಬೇತಿ ಸಂಸ್ಥೆ ಶುರುವಾಯಿತು. ಮುಂದೆ ಸಮಾನಾವಕಾಶ ಸಂಸ್ಥೆಯಾಗಿ ಬೆಳೆದ ಅದು 1990ರಲ್ಲಿ ತುಕಡಿಯ ವಾತಾವರಣ ಅಳೆಯುವ ಪ್ರಶ್ನಾವಳಿ ತಂದಿತು. ಕಮಾಂಡರ್ ತಾನಾಗಿ ಕೇಳಿಕೊಂಡರೆ ಸಮೀಕ್ಷೆ. ಫಲಿತಾಂಶವೂ ಆತನಿಗೆ ಮಾತ್ರ. ವೈದ್ಯರ ಬಳಿ ತಪಾಸಣೆಗೆ ಹೋದಂತೆ. ಕನ್ನಡಿ ನೋಡುವ ಮನಸ್ಸಿರುವವನಿಗೆ ಇದು ಒಳ್ಳೆಯ ವ್ಯವಸ್ಥೆ. ಆದರೆ ತುಕಡಿಯ ರೋಗಕ್ಕೆ ಕಮಾಂಡರ್‌ನೇ ಕಾರಣನಾಗಿದ್ದರೆ?

2013 ಇದನ್ನು ತಲೆಕೆಳಗು ಮಾಡಿತು. ಲೈಂಗಿಕ ದೌರ್ಜನ್ಯದ ಪ್ರಕರಣಗಳ ಬಗ್ಗೆ ಒತ್ತಡ ಹೆಚ್ಚಿದಾಗ, ಕಮಾಂಡರ್ ಅಧಿಕಾರ ವಹಿಸಿಕೊಂಡ 120 ದಿನಗಳೊಳಗೆ ಮತ್ತು ಅನಂತರ ಪ್ರತಿವರ್ಷ ಸಮೀಕ್ಷೆ ನಡೆಸಬೇಕೆಂದು ಕಾಯ್ದೆಯೇ ಹೇಳಿತು. ಅದೇ ಜುಲೈಯಲ್ಲಿ ಬಂದ ಆದೇಶದಂತೆ ಫಲಿತಾಂಶ ಕಮಾಂಡರ್‌ನ ಮೇಲಧಿಕಾರಿಗೂ ಹೋಗಬೇಕಾಯಿತು. ತಪಾಸಣೆ ಪರೀಕ್ಷೆಯಾಯಿತು. ಪರೀಕ್ಷೆ ಎಂದಮೇಲೆ ಒತ್ತಡಕ್ಕೆ, ಕೈವಾಡಕ್ಕೆ ಎಡೆ ಇದ್ದದ್ದೇ: ರಜೆ ಕೊಟ್ಟ ಮರುವಾರ ಪ್ರಶ್ನಾವಳಿ ತೆರೆಯುವುದು, ‘ನಮ್ಮ ತುಕಡಿಯ ಮರ್ಯಾದೆ ಉಳಿಸಿ’ ಎಂದು ಸಾಲಾಗಿ ನಿಲ್ಲಿಸಿ ಹೇಳುವುದು.

ಹಾಗಾಗಿ ಉತ್ತರಿಸುವವನ ರಕ್ಷಣೆಯ ಪ್ರಶ್ನೆ ಮೊದಲಿಗಿಂತ ಗಂಭೀರ. ಅನಾಮಧೇಯ, ಗೋಪ್ಯ ಇವೆರಡೂ ಒಂದೇ ಅಲ್ಲ. ಹೆಸರು ಯಾರಿಗೂ ಗೊತ್ತಾಗದಿದ್ದರೆ ಅನಾಮಧೇಯ. ಸಮೀಕ್ಷೆ ನಡೆಸುವವರಿಗೆ ಗೊತ್ತಾಗಬಹುದು, ಆದರೆ ಕಮಾಂಡರ್‌ಗೆ ತಿಳಿಸುವುದಿಲ್ಲ ಎಂದರೆ ಗೋಪ್ಯ. ಪ್ರತಿಯೊಬ್ಬರಿಗೂ ಪ್ರತ್ಯೇಕ ಸಂಕೇತ ಕಳಿಸಿದರೆ ಅದು ಎರಡನೆಯ ಬಗೆ. ಅದನ್ನು ಅನಾಮಧೇಯ ಎಂದು ಕರೆದರೆ ಮೊದಲ ಸುಳ್ಳು ಅಲ್ಲೇ ಹುಟ್ಟುತ್ತದೆ.

ಲೆಕ್ಕದಲ್ಲೂ ಬಲೆಯಿದೆ. ಐದಕ್ಕಿಂತ ಕಡಿಮೆ ಜನ ಉತ್ತರಿಸಿದ ಗುಂಪಿನ ಅಂಕಿಯನ್ನು ತೋರಿಸಬಾರದು ಎಂಬ ನಿಯಮ ಇದೆ ಎನ್ನಿ. ಒಂದು ಕಂಪನಿಯಲ್ಲಿ 24 ಸಾರ್ಜೆಂಟ್‌ಗಳು ಉತ್ತರಿಸಿದ್ದಾರೆ: 21 ಪುರುಷರು, 3 ಮಹಿಳೆಯರು. ಮಹಿಳೆಯರ ಸಾಲನ್ನು ಮುಚ್ಚಿಟ್ಟರೂ ಒಟ್ಟು ಮೊತ್ತದಿಂದ ಪುರುಷರ ಮೊತ್ತ ಕಳೆದರೆ ಆ ಮೂವರ ಉತ್ತರ ಹೊರಬಿತ್ತು. ಪುರುಷರ ಸಾಲನ್ನೂ ಮುಚ್ಚಿದರೆ ಮಾತ್ರ ರಕ್ಷಣೆ. ಇದಕ್ಕಿಂತ ಅಪಾಯ ಸ್ವಂತ ಮಾತಿನಲ್ಲಿ ಬರೆಯುವ ಟಿಪ್ಪಣಿಯದು. ‘ಮಾರ್ಚ್ 12ರ ರಾತ್ರಿ ಪಾಳಿಯಲ್ಲಿ ನನಗೆ ಹೀಗೆ ಅಂದರು’ ಎಂದು ಬರೆದರೆ ಬರೆದವರು ಯಾರೆಂದು ಪಾಳಿಪಟ್ಟಿಯೇ ಹೇಳುತ್ತದೆ. ಬರೆದವರನ್ನು ಹುಡುಕಲು ಹೊರಟ ಕಮಾಂಡರ್‌ನ ತುಕಡಿಯಲ್ಲಿ ಮುಂದಿನ ವರ್ಷ ಎಲ್ಲರೂ ‘ಎಲ್ಲ ಚೆನ್ನಾಗಿದೆ’ ಎಂದೇ ಗುರುತು ಹಾಕುತ್ತಾರೆ.

ಸರಾಸರಿಯೂ ಮೋಸ ಮಾಡುತ್ತದೆ. ಐದು ಅಂಕದ ಪ್ರಶ್ನೆಗೆ ಅರ್ಧ ಜನ 5, ಅರ್ಧ ಜನ 1 ಎಂದರೂ ಸರಾಸರಿ 3. ಎಲ್ಲರೂ 3 ಎಂದರೂ ಅಷ್ಟೇ. ಮೊದಲನೆಯದು ಇಬ್ಭಾಗವಾದ ತುಕಡಿ, ಎರಡನೆಯದು ಬೇಸತ್ತ ತುಕಡಿ. 120 ಜನರಲ್ಲಿ 30 ಮಂದಿ ಮಾತ್ರ ಉತ್ತರಿಸಿದ್ದರೆ, ಉಳಿದ 90 ಮಂದಿಯ ಮೌನ ಏನನ್ನು ಹೇಳುತ್ತಿದೆ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.

ಎಲ್ಲ ಸರಿಯಾಗಿ ಅಳೆದರೂ ಓದುವವರು ಕದಲದಿದ್ದರೆ? ಜಪಾನಿನ ಯೊಕೊಸುಕಾದಲ್ಲಿ ನೆಲೆಯಿದ್ದ ಅಮೆರಿಕದ ಯುದ್ಧನೌಕೆ ಶೈಲೋದ ಕತೆ ಅದೇ. ಒಬ್ಬ ಕ್ಯಾಪ್ಟನ್ನನ ಅವಧಿಯಲ್ಲಿ ಮೂರು ಸಮೀಕ್ಷೆಗಳು ನಡೆದವು. ನಾವಿಕರು ಹತಾಶೆ, ಭಯ, ಸಣ್ಣ ತಪ್ಪಿಗೂ ಬ್ರೆಡ್ಡು-ನೀರಿನ ಸೆರೆಶಿಕ್ಷೆಯ ಬಗ್ಗೆ ಪುಟಗಟ್ಟಲೆ ಬರೆದರು. ಕ್ಯಾಪ್ಟನ್ 2017ರಲ್ಲಿ ತನ್ನ ಅವಧಿ ಮುಗಿಸಿಯೇ ಇಳಿದರು. ಆ ವರದಿಗಳು ಪತ್ರಿಕೆಯಲ್ಲಿ ಬಂದದ್ದು ಅನಂತರ. ಆ ಹಳೆಯ ಶಿಕ್ಷೆ 2019ರ ಜನವರಿಯಲ್ಲಿ ರದ್ದಾಯಿತು.

ಟೆಕ್ಸಸ್‌ನ ಫೋರ್ಟ್ ಹುಡ್ ಸೇನಾ ನೆಲೆಯಲ್ಲಿ 2020ರಲ್ಲಿ ಹೊರಗಿನ ಸ್ವತಂತ್ರ ಸಮಿತಿಯೊಂದು 500ಕ್ಕೂ ಹೆಚ್ಚು ಮಹಿಳಾ ಸೈನಿಕರನ್ನು ಮಾತನಾಡಿಸಿತು. ಲೈಂಗಿಕ ದೌರ್ಜನ್ಯದ 93 ನಂಬಲರ್ಹ ಹೇಳಿಕೆಗಳು ಸಿಕ್ಕವು. ಅವುಗಳಲ್ಲಿ ಅಧಿಕೃತವಾಗಿ ದೂರು ದಾಖಲಾಗಿದ್ದದ್ದು 59. ಕಾಗದದ ಮೇಲೆ ಕಡ್ಡಾಯ ಸಮೀಕ್ಷೆ ಅದುವರೆಗೆ ಏಳು ವರ್ಷ ಇತ್ತು.

2021ರ ಜನವರಿಯಲ್ಲಿ ಪ್ರಶ್ನಾವಳಿಯನ್ನು ಹೊಸದಾಗಿ ಕಟ್ಟಿದರು. ಒಗ್ಗಟ್ಟು, ನ್ಯಾಯ, ಬೆಂಬಲದಂಥ ರಕ್ಷಿಸುವ ಅಂಶಗಳು ಒಂದು ಕಡೆ, ವಿಷಕಾರಿ ನಾಯಕತ್ವ, ಅತಿಯಾದ ಕುಡಿತ, ಕಿರುಕುಳದಂಥ ಅಪಾಯದ ಅಂಶಗಳು ಇನ್ನೊಂದು ಕಡೆ, ಒಟ್ಟು 19. ಕಮಾಂಡರ್ ತನಗೆ ಅನುಕೂಲವಾದ ವಾರ ಹುಡುಕಲಾಗದಂತೆ ವಾರ್ಷಿಕ ಸಮೀಕ್ಷೆಗೆ ಆಗಸ್ಟ್ 1ರಿಂದ ನವೆಂಬರ್ 30ರ ಗಡುವು ಬಂತು. ಅಂಕಿ ಕೈಗೆ ಬಂದಮೇಲೆ ಅದರ ಹಿಂದಿನ ಕಾರಣ ತಿಳಿಯಲು ಸಣ್ಣ ಗುಂಪುಗಳನ್ನು ಕೂರಿಸಿ ಮಾತನಾಡಿಸಬೇಕಾಗುತ್ತದೆ. ಒಂದು ಗುಂಪಿನಲ್ಲಿ ಒಂದೇ ದರ್ಜೆಯವರು, ನಡೆಸುವವರು ಬೇರೆ ತುಕಡಿಯವರು, ಟಿಪ್ಪಣಿಯಲ್ಲಿ ಹೆಸರಿಲ್ಲ, ಬಾಗಿಲ ಬಳಿ ಅಧಿಕಾರಿಯ ಸುಳಿವಿಲ್ಲ. 1941ರಲ್ಲಿ ಫೋರ್ಟ್ ಬ್ರಾಗ್‌ನ ಕೋಣೆಗೆ ಹಾಕಿದ್ದ ನಿಯಮಗಳೂ ಹೆಚ್ಚುಕಡಿಮೆ ಇವೇ.