ಸಂಖ್ಯೆಗಿಂತ ಮೊದಲು ಅಲೆಯನ್ನು ನೋಡಿ

ಬೆಳಗ್ಗೆ ಏಳೂವರೆಗೆ ಆಪರೇಷನ್ ಥಿಯೇಟರಿಗೆ ಕಾಲಿಟ್ಟ ಕೂಡಲೇ ನಾನು ಮಾಡುವ ಮೊದಲ ಕೆಲಸ, ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆದು ಅಲೆಯಾಗಿ ತೋರಿಸುವ ಯಂತ್ರವಾದ ಕ್ಯಾಪ್ನೋಗ್ರಾಫಿನ ಸಪೂರ ಕೊಳವೆಯ ತುದಿಗೆ, ತುಟಿ ತಾಗಿಸದೆ, ಉಸಿರು ಬಿಡುವುದು. ಕೆಲವೇ ಸೆಕೆಂಡುಗಳಲ್ಲಿ ಮಾನಿಟರಿನ ಮೇಲೆ ಅಲೆಯೊಂದು ಏಳಬೇಕು. ಏಳದಿದ್ದರೆ ರೋಗಿಯನ್ನು ಒಳಗೆ ಕರೆತರುವುದಿಲ್ಲ.

ಜೀವಕೋಶಗಳಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡನ್ನು ರಕ್ತ ಶ್ವಾಸಕೋಶಕ್ಕೆ ಹೊತ್ತು ತರಬೇಕು, ಉಸಿರು ಅದನ್ನು ಹೊರಹಾಕಬೇಕು. ಅದಕ್ಕೇ ಈ ಒಂದು ಅಲೆಯಲ್ಲಿ ಉಸಿರಾಟದ ಜೊತೆಗೆ ರಕ್ತ ಸಂಚಾರದ ಸುದ್ದಿಯೂ ಇರುತ್ತದೆ. ಉಸಿರಿನ ಕೊನೆಯಲ್ಲಿ ಸಿಗುವ ಅಂಕಿ ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕದ ಪ್ರಮಾಣವನ್ನು ಶೇಕಡಾದಲ್ಲಿ ತೋರಿಸುವ ಪಲ್ಸ್ ಆಕ್ಸಿಮೀಟರ್ ಇದ್ದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಒಮ್ಮೆ ಎಂಡೋಸ್ಕೋಪಿಗೆಂದು ನಿದ್ರೆಯ ಮದ್ದು ಪಡೆದ ಹಿರಿಯರೊಬ್ಬರ ಅಲೆ ಇದ್ದಕ್ಕಿದ್ದಂತೆ ಚಪ್ಪಟೆಯಾಯಿತು. ಮೂಗಿಗೆ ಆಮ್ಲಜನಕ ಹರಿಯುತ್ತಿತ್ತು, ಆಕ್ಸಿಮೀಟರ್ 99 ತೋರಿಸುತ್ತಿತ್ತು. ಕೊಳವೆ ಮಡಿಚಿಕೊಂಡಿದೆಯೇ ಎಂದು ಹುಡುಕುವ ಮೊದಲು ಎದೆಯ ಮೇಲೆ ಕೈಯಿಟ್ಟೆ. ಎದೆ ಏಳಲು ಹೆಣಗುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ನಾಲಿಗೆ ಹಿಂದಕ್ಕೆ ಜಾರಿತ್ತು. ದವಡೆ ಎತ್ತಿ ಹಿಡಿದೆ, ಅಲೆ ಮರಳಿತು. ಅಷ್ಟೂ ಹೊತ್ತು ಆ 99 ಕದಲಲೇ ಇಲ್ಲ. ಆಮ್ಲಜನಕ ಕೊಡುತ್ತಿರುವಾಗ ಉಸಿರು ನಿಂತರೂ ಆಕ್ಸಿಮೀಟರಿನ ಅಂಕಿ ಇಳಿಯಲು ಕೆಲವು ನಿಮಿಷಗಳೇ ಬೇಕಾಗಬಹುದು.

ಶ್ವಾಸನಾಳಕ್ಕೆ ಕೊಳವೆ ಹಾಕುವಾಗಲಂತೂ ಅಲೆಯೇ ಸಾಕ್ಷಿ. ಕೊಳವೆ ತಪ್ಪಿ ಅನ್ನನಾಳಕ್ಕೆ ಹೋದರೂ ಹೊಟ್ಟೆಯಲ್ಲಿದ್ದ ಅನಿಲದಿಂದ ಒಂದೆರಡು ಸಣ್ಣ ಅಲೆಗಳು ಬಂದು ಕರಗಿಹೋಗಬಹುದು. ಆದ್ದರಿಂದ ಏಳು ಉಸಿರಿನವರೆಗಾದರೂ ಕಣ್ಣು ಕೀಳಬಾರದು. ಹೃದಯ ಸ್ತಂಭನವಾಗಿದೆ, ಅದಕ್ಕೇ ಅಲೆಯಿಲ್ಲ ಎಂಬ ಸಮಾಧಾನ ಬಹಳ ಅಪಾಯಕಾರಿ. ಎದೆ ಒತ್ತುತ್ತಿದ್ದರೆ ಗಿಡ್ಡ ಅಲೆಯಾದರೂ ಕಾಣುತ್ತದೆ. ಅಲೆಯೇ ಇಲ್ಲವೆಂದರೆ, ಬೇರೆ ಕಾರಣ ಸಾಬೀತಾಗುವವರೆಗೆ ಕೊಳವೆ ತಪ್ಪಾದ ಜಾಗದಲ್ಲಿದೆ ಎಂದೇ ತಿಳಿಯಬೇಕು.

ಯಂತ್ರಕ್ಕೂ ಆರೈಕೆ ಬೇಕು. ಉಸಿರಿನ ತೇವ ಹನಿಗಟ್ಟಿ ಉಸಿರನ್ನು ಯಂತ್ರಕ್ಕೆ ಒಯ್ಯುವ ಆ ಸಪೂರ ಸ್ಯಾಂಪಲ್ ಕೊಳವೆಯನ್ನು ಮುಚ್ಚುತ್ತದೆ, ದೀರ್ಘ ಶಸ್ತ್ರಚಿಕಿತ್ಸೆಗಳಲ್ಲಿ ಇದು ಹೆಚ್ಚು. ಆ ನೀರನ್ನು ಹಿಡಿದಿಡುವ ವಾಟರ್ ಟ್ರ್ಯಾಪ್ ತುಂಬುವ ಮೊದಲೇ ಖಾಲಿ ಮಾಡಿ. ಅಲೆಯ ತಳ ಸೊನ್ನೆಗೆ ಇಳಿಯದಿದ್ದರೆ ಅರಿವಳಿಕೆ ಯಂತ್ರದಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವ ಸೋಡಾ ಲೈಮ್ ಮುಗಿದಿದೆಯೇ ನೋಡಿ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೂ ಕಡಿಮೆ. ಉಸಿರಿನಲ್ಲಿ ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದರೆ ಅದರ ಒತ್ತಡ ಕರಾವಳಿಯಲ್ಲಿ ಸುಮಾರು 38 ಮಿಲಿಮೀಟರ್ ಆದರೆ ಇಲ್ಲಿ ಸುಮಾರು 34. ಯಂತ್ರ ಇಲ್ಲಿನ ಒತ್ತಡವನ್ನೇ ಲೆಕ್ಕಕ್ಕೆ ಹಿಡಿದಿದೆಯೇ ಎಂದು ಸರ್ವಿಸ್ ಎಂಜಿನಿಯರನ್ನು ನಾನು ಪ್ರತಿ ಬಾರಿಯೂ ಕೇಳುತ್ತೇನೆ.

ನಿಮ್ಮವರಿಗೆ ನಿದ್ರೆಯ ಮದ್ದು ಕೊಟ್ಟು ಚಿಕಿತ್ಸೆ ಮಾಡುತ್ತಾರೆಂದರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ "ಕ್ಯಾಪ್ನೋಗ್ರಾಫ್ ಹಾಕುತ್ತೀರಾ, ಡಾಕ್ಟರೇ?" ಎಂದು ಕೇಳಿ. ಸಂಕೋಚ ಬೇಡ. ಕೇಳಿದವರಿಗೆ ನಾನು ಮಾನಿಟರನ್ನೇ ತಿರುಗಿಸಿ ತೋರಿಸುತ್ತೇನೆ.